ಕಲ್ಟ್ ಅಂದ್ರ ಏನು, ಮಠಕ್ಕೂ ಅದಕ್ಕೂ ಏನ್ ಫರಕು?

ಜೋನ್ಸ್‌ಟೌನ್ (1978ರಾಗ ಒಬ್ಬ ಗುರುವಿನ ಮಾತಿಗೆ ನೂರಾರು ಮಂದಿ ಸತ್ತ ಜಾಗ) ಬಗ್ಗೆ ಡಾಕ್ಯುಮೆಂಟರಿ ನೋಡಿ ನಮ್ಮ ವಿಜಯಪುರದ ಗ್ರೂಪ್‌ನಾಗ ಒಬ್ಬಾಂವ ಕೇಳಿದ, "ಲೇ ಈ ಕಲ್ಟ್ ಅಂದ್ರ ಏನೋ, ಹಂಗಾದ್ರ ನಮ್ಮ ಮಠಾನೂ ಕಲ್ಟ್ ಏನು?" (ಉಪೇಂದ್ರನ ಹಳೇ ಪಿಕ್ಚರ್‌ಗೆ ಕಲ್ಟ್ ಅಂತೀವಲ್ಲ, ಅದು ಬ್ಯಾರೆ, ಬಿಡ್ರಿ.)

ವಿಚಿತ್ರ ಪೂಜೆ, ವಿಚಿತ್ರ ಡ್ರೆಸ್ ಇದ್ರ ಕಲ್ಟ್ ಅಂತ ಬಾಳ ಮಂದಿ ತಿಳ್ಕೊಂಡಾರ. ಹಂಗಿಲ್ಲ. ಒಬ್ಬ ಮುಖಂಡ ಇರ್ತಾನ, ಅವನ್ನ ಯಾರೂ ಪ್ರಶ್ನೆ ಮಾಡಂಗಿಲ್ಲ, ನಿಮ್ಮ ರೊಕ್ಕ, ಮಕ್ಳು, ನಿದ್ದಿ ಎಲ್ಲಾ ಅವನ ಕೈಯಾಗ, ಮತ್ತ ಬಿಟ್ಟ ಹೋಗ್ತೀನಿ ಅಂದಾಂವ ದ್ರೋಹಿ. ಇಂಥ ಗುಂಪಿಗೆ ಕಲ್ಟ್ ಅನ್ನೋದು.

ಜಿಮ್ ಜೋನ್ಸ್ 1950ರ ದಶಕದಾಗ ಅಮೆರಿಕದ ಇಂಡಿಯಾನಾಪೊಲಿಸ್‌ನಾಗ ಪೀಪಲ್ಸ್ ಟೆಂಪಲ್ ಶುರು ಮಾಡಿದ. ಕರಿಯರು ಬಿಳಿಯರು ಒಂದ ಚರ್ಚಿನಾಗ ಕೂಡೋದ ಅಪರೂಪ ಇದ್ದ ಕಾಲ ಅದು, ಇವನ ಕಡೆ ಕೂಡ್ತಿದ್ರು, ಬಡವ್ರಿಗೆ ಊಟಾನೂ ಸಿಗ್ತಿತ್ತು. ಅಂದ್ರ ಬಂದ ಮಂದಿ ಹುಚ್ಚರಲ್ಲ, ಒಳ್ಳೇದ ನೋಡೇ ಬಂದವ್ರು. ಆಮ್ಯಾಲ ಕ್ಯಾಲಿಫೋರ್ನಿಯಾ, 1977ರಾಗ ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡು, ಅದ ಜೋನ್ಸ್‌ಟೌನ್. ಅಲ್ಲಿ ಪಾಸ್‌ಪೋರ್ಟ್ ಇಸ್ಕೊಂಡ್ರು, ಪತ್ರ ಒಡದ ಓದ್ತಿದ್ರು, ಮುದುಕರ ಪೆನ್ಶನ್ ಚೆಕ್ ಸೈತ ಟೆಂಪಲ್‌ಗೆ ಹೋಗ್ತಿತ್ತು. "ವೈಟ್ ನೈಟ್" ಅಂತ ರಾತ್ರಿ ಎಬ್ಬಿಸಿ, ಇದರಾಗ ವಿಷ ಐತಿ ಅಂತ ಹೇಳಿ ಕುಡಸೋದು, ಎಲ್ಲಾರೂ ಕುಡದ ಮ್ಯಾಲ ಇದು ಪರೀಕ್ಷೆ ಅಷ್ಟ ಅನ್ನೋದು.

1978ರ ನವೆಂಬರ್‌ನಾಗ ಅಮೆರಿಕದ ಸಂಸದ ಲಿಯೋ ರಯಾನ್ ಅಲ್ಲಿ ನೋಡಾಕ ಹೋದ. ಟಿವಿ ವರದಿಗಾರನ ಕೈಯಾಗ ಯಾರೋ ಸದ್ದಿಲ್ಲದ ಚೀಟಿ ತುರುಕಿದ್ರು, ನಮ್ಮನ್ನ ಇಲ್ಲಿಂದ ಹೊರಗ ಕರ್ಕೊಂಡ ಹೋಗ್ರಿ ಅಂತ. ಒಂಬೈನೂರಕ್ಕಿಂತ ಹೆಚ್ಚ ಮಂದ್ಯಾಗ ಹೊರಟವ್ರು ಸುಮಾರು 15 ಮಂದಿ ಅಷ್ಟ. ಅಷ್ಟೂ ತಡಕೊಳ್ಳಾಕ ಆಗಲಿಲ್ಲ ಜೋನ್ಸ್‌ಗ! ನವೆಂಬರ್ 18ಕ್ಕ ವಿಮಾನ ಹತ್ತೋ ಜಾಗದಾಗ ಗುಂಡ ಹಾರಿಸಿ ರಯಾನ್ ಸೇರಿ ಐದ ಮಂದೀನ ಕೊಂದ್ರು, ಅವತ್ತ ಸಂಜಿ ಒಳಗ ಸೈನೈಡ್ ಕಲಸಿದ ಶರಬತ್ತು, 900ಕ್ಕಿಂತ ಹೆಚ್ಚ ಹೆಣ, ಅದರಾಗ ಸುಮಾರು 300 ಮಕ್ಳು. ಸಾಮೂಹಿಕ ಆತ್ಮಹತ್ಯೆ ಅಂತ ಬರೀತಾರ, ಬಂದೂಕು ಹಿಡದ ಸುತ್ತ ನಿಂತು ಕೂಸಿನ ಬಾಯಾಗ ಸಿರಿಂಜ್‌ಲೆ ವಿಷ ಹಾಕಿದ್ರ ಅದು ಆತ್ಮಹತ್ಯೆ ಹ್ಯಾಂಗ ಆಕ್ಕೈತ್ರಿ?

ಇನ್ನ ಮಠದ ಮಾತು. ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾರಿಗೂ ಲಕ್ಷಗಟ್ಟಲೆ ಭಕ್ತರಿದ್ರು, 2023ರ ಜನವರಿಯಾಗ ಅವರು ತೀರಿಕೊಂಡಾಗ ಊರ ತುಂಬ ಮಂದಿ ಅತ್ತಿದ್ದ ನೋಡೀರಿ. ಆದ್ರ ಅವರ ಅಂಗಿಗೆ ಕಿಸೆ ಇರಲಿಲ್ಲ, 2018ರಾಗ ಪದ್ಮಶ್ರೀ ಒಲ್ಲೆ ಅಂದ್ರು, ನನಗ ಸ್ಮಾರಕ ಕಟ್ಟಬ್ಯಾಡ್ರಿ ಅಂತ ಮೊದಲ ಬರದಿಟ್ಟಿದ್ರು. ಪ್ರವಚನ ಕೇಳಿ ಎದ್ದ ಮನಿಗೆ ಹೋದಾಂವ ಮರುದಿನ ಬರದಿದ್ರ ಯಾಕ ಬರಲಿಲ್ಲ ಅಂತ ಕೇಳವ್ರಿರಲಿಲ್ಲ.

ಹಂಗಂತ ಕಾವಿ ಇದ್ದಲ್ಲೆಲ್ಲಾ ಸೇಫ್ ಅಂತಲ್ಲ. ಆಶ್ರಮ ಇರ್ಲಿ, ಯೋಗಾ ಕ್ಲಾಸ್ ಇರ್ಲಿ, ಚೈನ್ ಮಾರ್ಕೆಟಿಂಗ್ ಇರ್ಲಿ, ಲೆಕ್ಕಾ ಕೇಳಿದವ್ರನ್ನ ದೂರ ಇಟ್ಟು ಮನಿ ಮಂದಿ ಜೋಡಿ ಮಾತ ಬಿಡಸಾಕ ಶುರು ಮಾಡಿದ್ರ, ಅದಕ್ಕ ಕಲ್ಟ್ ಅನ್ನಾಕ ನಾ ಅಂತೂ ಹಿಂದ ಮುಂದ ನೋಡಂಗಿಲ್ಲ.