ಧಾರವಾಡ ಸೀಮೆಯ ಕಲ್ಲು ಮಲಗಿಲ್ಲ, ನಿಂತಿದೆ

ಗದಗದಿಂದ ಮುಂಡರಗಿ, ಶಿರಹಟ್ಟಿ ಕಡೆಗೆ ಹೊರಟರೆ ಒಂದೇ ಹೊಲದಲ್ಲಿ ಎರಡು ಬೋರು ಕಾಣುತ್ತವೆ. ಒಂದಕ್ಕೆ ಒಳ್ಳೆಯ ನೀರು, ನಲವತ್ತು ಮೀಟರ್ ಆಚೆಗಿನದರಲ್ಲಿ ಬರೀ ಧೂಳು. ಹುಬ್ಬಳ್ಳಿಯ ಹೊರವಲಯದ ಲೇಔಟುಗಳಲ್ಲೂ ಇದೇ ಪಾಡು. ಒಂದೇ ಮನೆಯ ಒಂದು ಕಾಲಮ್ಮಿಗೆ ಒಂದೂವರೆ ಮೀಟರಿಗೇ ಗಟ್ಟಿ ಕಲ್ಲು ಸಿಕ್ಕರೆ, ಇನ್ನೊಂದಕ್ಕೆ ನಾಲ್ಕು ಮೀಟರ್ ಅಗೆದರೂ ಮೆತ್ತನೆಯ ಜೇಡಿ. ಜನ ಇದನ್ನು ನಸೀಬು ಎನ್ನುತ್ತಾರೆ. ನೀರು ಶೋಧಕ್ಕೆ ಬಂದವರೂ ಎಷ್ಟೋ ಸಲ ತೆಂಗಿನಕಾಯಿ ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಎರಡಕ್ಕೂ ಕಾರಣ ಒಂದೇ, ಮತ್ತು ಅದನ್ನು ಅಳೆಯಬಹುದು. ಈ ಭಾಗದ ಕಲ್ಲಿನ ಪದರಗಳು ಮಲಗಿಲ್ಲ, ಹೆಚ್ಚೂಕಡಿಮೆ ನೆಟ್ಟಗೆ ನಿಂತಿವೆ. ಒಂದರ ಮೇಲೊಂದು ಪೇರಿಸಿದ ಕಟಿ ರೊಟ್ಟಿಯನ್ನು ಮಗ್ಗುಲಾಗಿ ನಿಲ್ಲಿಸಿ, ಮೇಲಿನ ಅಂಚನ್ನು ಸವರಿ ಹಾಕಿದರೆ ಹೇಗಿರುತ್ತದೋ ಹಾಗೆ. ನಾವು ನಡೆದಾಡುವುದು ಆ ಅಂಚಿನ ಮೇಲೆ. ಹತ್ತು ಹೆಜ್ಜೆ ಅಡ್ಡ ಹೋದರೆ ಬೇರೆ ಪದರ, ಬೇರೆ ಕಲ್ಲು, ಬೇರೆ ನೀರು.

ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇದಕ್ಕೆ ತದ್ವಿರುದ್ಧವಾದದ್ದಿದೆ. ಬಾದಾಮಿಯ ಮೇಣಬಸದಿಗಳ ಬಂಡೆ ನೋಡಿ: ಮರಳುಗಲ್ಲಿನ ಪದರಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿವೆ, ಒಂದೇ ಪದರವನ್ನು ಕಣ್ಣಲ್ಲೇ ದೂರದವರೆಗೆ ಹಿಂಬಾಲಿಸಬಹುದು. ಆ ಮರಳು ಕೂತ ಮೇಲೆ ಅಲ್ಲಿನ ನೆಲಕ್ಕೆ ದೊಡ್ಡ ಒತ್ತಡವೇನೂ ಬಿದ್ದಿಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ಕಲ್ಲಿಗೆ ಬಿದ್ದಿದೆ.

ಬಿದ್ದದ್ದು ಹೇಗೆ ಎಂಬುದಕ್ಕೆ ಭೂಕವಚದ ಲೆಕ್ಕ ಗೊತ್ತಿರಬೇಕು. ಸಾಗರದ ತಳದ ಕವಚ ತೆಳು, ಆರೇಳು ಕಿಲೋಮೀಟರ್ ದಪ್ಪ. ಆದರೆ ಭಾರ ಹೆಚ್ಚು, ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಂ. ಖಂಡದ ಕವಚ ಸರಾಸರಿ 35–40 ಕಿಲೋಮೀಟರ್ ದಪ್ಪ, ಸಾಂದ್ರತೆ ಸುಮಾರು 2.7. ಎರಡರ ಕೆಳಗೂ 3.3 ಸಾಂದ್ರತೆಯ ಮ್ಯಾಂಟಲ್ ಎಂಬ ದಪ್ಪ ಪದರ. ಹಗುರವಾದ ಖಂಡ ಮುಳುಗುವುದಿಲ್ಲ, ತಣ್ಣಗಾಗಿ ಭಾರವಾದ ಸಾಗರತಳ ಮುಳುಗುತ್ತದೆ. ಅದಕ್ಕೇ ಇಂದಿನ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕವಚ ಬಹುತೇಕ ಉಳಿದಿಲ್ಲ; ನಮ್ಮ ಕಾಲ ಕೆಳಗೆ 300 ಕೋಟಿ ವರ್ಷ ದಾಟಿದ ಕಲ್ಲಿದೆ. ಮುಳುಗುವ ತಳದ ಮೇಲಿನ ಲಾವಾ, ಕೆಸರು, ಜ್ವಾಲಾಮುಖಿಯ ಬೂದಿ ಎಲ್ಲವೂ ಖಂಡದ ಅಂಚಿಗೆ ಒತ್ತಿ, ಮಡಚಿ, ಎದ್ದು ನಿಲ್ಲುತ್ತವೆ. ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ಕೂತ ಧಾರವಾಡ ಶಿಲಾಸಮೂಹದ ಪಾಡು ಇದೇ. ಇವಕ್ಕೆ ಧಾರವಾಡದ ಹೆಸರು ಕೊಟ್ಟವನು 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಊರಿನ ಹೆಸರು ಇರುವುದು ಅದರಿಂದಲೇ. ಆ ಕಾಲದ ಮ್ಯಾಂಟಲ್ ಈಗಿನದಕ್ಕಿಂತ ಬಿಸಿಯಾಗಿತ್ತು, ಹಾಗಾಗಿ ಭೂಫಲಕಗಳು, ಎಂದರೆ ನೆಲದ ಹೊರಚಿಪ್ಪಿನ ದೊಡ್ಡ ತುಂಡುಗಳು, ಇಂದಿನ ರೀತಿಯಲ್ಲೇ ಜಾರುತ್ತಿದ್ದವೇ, ಅಥವಾ ಭಾರದ ಲಾವಾ ತನ್ನ ತೂಕಕ್ಕೆ ತಾನೇ ಕುಸಿದು ಮಡಚಿಕೊಂಡಿತೇ ಎಂದು ತಜ್ಞರಲ್ಲಿ ಈಗಲೂ ವಾದವಿದೆ. ಗದಗ ಪಟ್ಟಿಯ, ಎಂದರೆ ಗದಗ ಸೀಮೆಯಲ್ಲಿ ಉದ್ದಕ್ಕೆ ಚಾಚಿದ ಈ ಕಲ್ಲುಗಳ ಸಾಲಿನ, ಮಟ್ಟಿಗೆ ನನ್ನ ಒಲವು ಫಲಕಗಳ ಒತ್ತಡದ ಕಡೆಗೇ. ಪದರಗಳು ಇಷ್ಟು ಉದ್ದಕ್ಕೆ ಒಂದೇ ದಿಕ್ಕು ಹಿಡಿದು ಓಡಲು ಪಕ್ಕದಿಂದ ಒತ್ತಿದ ಬಲವೇ ಬೇಕು.

ಎಷ್ಟು ಆಳದಲ್ಲಿ ಒತ್ತಿತು ಎಂಬುದಕ್ಕೆ ಲಕ್ಕುಂಡಿಯ ಗುಡಿಗಳೇ ಸಾಕ್ಷಿ. ಆ ಹಸಿರು ಛಾಯೆಯ ಮೆತ್ತನೆ ಕಲ್ಲು ಕ್ಲೋರೈಟ್ ಶಿಸ್ಟ್, ಎಂದರೆ ಕ್ಲೋರೈಟ್ ಖನಿಜ ತುಂಬಿದ, ಹಾಳೆಹಾಳೆಯಾಗಿ ಸೀಳುವ ಕಲ್ಲು. ಬಸಾಲ್ಟಿನಂಥ ಕಬ್ಬಿಣ, ಮೆಗ್ನೀಸಿಯಂ ತುಂಬಿದ ಕಲ್ಲು ನೀರಿನೊಡನೆ 300ರಿಂದ 450 ಡಿಗ್ರಿ ಕಾವಿನಲ್ಲಿ, ನೆಲದಿಂದ ಹಲವು ಕಿಲೋಮೀಟರ್ ಕೆಳಗೆ ಬೆಂದಾಗ ಅದರೊಳಗೆ ಕ್ಲೋರೈಟ್ ಹುಟ್ಟುತ್ತದೆ. ಶಿಲ್ಪಿಯ ಉಳಿಗೆ ಅಷ್ಟು ಸಲೀಸಾಗಿ ಒಲಿದದ್ದು ಆ ಕ್ಲೋರೈಟಿನ ಮೆತ್ತನೆಯ ಹಾಳೆಗಳಿಂದ. ಅಷ್ಟು ಆಳದಲ್ಲಿ ಬೆಂದ ಕಲ್ಲು ಈಗ ನೆಲದ ಮೇಲಿದೆ ಅಂದರೆ ಒಂದು ಕಾಲದಲ್ಲಿ ಇಲ್ಲಿ ಎತ್ತರದ ಪರ್ವತವಿತ್ತು. ಅದು ಸವೆದು, ಬೇರಿನ ಭಾಗ ಮೇಲೆದ್ದು ಬಂದಿದೆ. ಹಾಗೆ ಸವೆದರೂ ಗದಗದ ಪಶ್ಚಿಮಕ್ಕೆ ಭೂಕವಚ ಇಂದಿಗೂ 40–50 ಕಿಲೋಮೀಟರ್ ದಪ್ಪವಿದೆ. ಪೂರ್ವದ ರಾಯಚೂರು ಸೀಮೆಯ ಕಡೆ 35ರ ಆಸುಪಾಸು. ಈ ಎರಡು ತುಂಡುಗಳ ಗಡಿ ಎನ್ನಲಾಗುವ ಸೀಳುವಲಯ ಗದಗದಿಂದ ಚಿತ್ರದುರ್ಗದ ಮೂಲಕ ಮಂಡ್ಯದತ್ತ ಹೋಗುತ್ತದೆ.

ಈಗ ಕೆಲಸದ ಮಾತು. ಪದರ ಯಾವ ದಿಕ್ಕಿಗೆ ಓಡುತ್ತದೆ, ಯಾವ ಕಡೆಗೆ ಎಷ್ಟು ವಾಲಿದೆ ಎಂಬ ಎರಡು ಅಳತೆ ಇಲ್ಲದೆ ಈ ಭಾಗದಲ್ಲಿ ಬೋರು ಕೊರೆಸುವುದು, ಪಾಯ ತೆಗೆಸುವುದು ಎರಡೂ ಕುರುಡು ಕೆಲಸ. ಓಟ ಸಾಮಾನ್ಯವಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ. ಬಿಂಕದಕಟ್ಟಿಯಿಂದ ಶಿಂಗಟಾಲೂರಿನತ್ತ ಚಾಚಿದ ಕಪ್ಪತಗುಡ್ಡದ ಸಾಲೇ ಆ ಓಟದ ಗೆರೆ. ಕಬ್ಬಿಣದ ಪಟ್ಟಿಗಲ್ಲು ಸವೆಯದೆ ಗುಡ್ಡವಾಯಿತು, ಪಕ್ಕದ ಶಿಸ್ಟು ಸವೆದು ತಗ್ಗಾಯಿತು. ಆದರೆ ಮಡಿಕೆಯ ಮೂಲೆಗಳಲ್ಲಿ ಓಟ ತಿರುಗುತ್ತದೆ, ಆದ್ದರಿಂದ ಹೊಲದಲ್ಲೇ ಅಳೆಯಬೇಕು.

ಮೊದಲು ಹಳ್ಳದ ದಂಡೆ, ಬಾವಿಯ ಗೋಡೆ, ರಸ್ತೆಗೆ ಕಡಿದ ಗರಸಿನ ಮಗ್ಗುಲು ಹುಡುಕಿ. ಮೇಲೆ ಬಿದ್ದ ಗುಂಡುಕಲ್ಲು ಬೇಡ, ನೆಲಕ್ಕೆ ಬೇರೂರಿದ ಕಲ್ಲೇ ಬೇಕು. ಪದರದ ಮುಖದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಓಡುವ ಕಡೆ ವಾಲು, ಅದಕ್ಕೆ ಲಂಬವಾಗಿ ಮಟ್ಟಸವಾಗಿ ಎಳೆದ ಗೆರೆ ಓಟ. ಕಂಪಾಸಿನಿಂದ ಓಟದ ದಿಕ್ಕು, ಕೋನಮಾಪಕದಿಂದ ವಾಲಿನ ಡಿಗ್ರಿ (ಮಟ್ಟಸ ಮಲಗಿದ್ದರೆ 0, ನೆಟ್ಟಗೆ ನಿಂತಿದ್ದರೆ 90) ಬರೆದುಕೊಳ್ಳಿ. ಒಂದೇ ಅಳತೆಯನ್ನು ನಂಬಬೇಡಿ. ಎಂಟು ಹತ್ತು ಕಡೆ ತೆಗೆದು ಹೋಲಿಸಿ. ಇಳಿಜಾರಿನಲ್ಲಿ ಮೇಲಿನ ಒಂದೆರಡು ಮೀಟರ್ ಕಲ್ಲು ಮಣ್ಣಿನ ಜಾರಿಗೆ ಸಿಕ್ಕು ಕೆಳಕ್ಕೆ ಬಾಗಿರುತ್ತದೆ. ಅಲ್ಲಿ ಅಳೆದರೆ ವಾಲು ಸುಳ್ಳು ಬರುತ್ತದೆ, ಕೆಲವೊಮ್ಮೆ ತಿರುಗುಮುರುಗಾಗಿಯೂ ಬರುತ್ತದೆ. ಇನ್ನೊಂದು ತೊಡಕು ಕಪ್ಪತಗುಡ್ಡದ ಆಸುಪಾಸಿನದು. ಕಬ್ಬಿಣದ ಪಟ್ಟಿಗಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತದ ಗುಣದ ಖನಿಜ ಇದ್ದಲ್ಲಿ ಕಂಪಾಸಿನ ಮುಳ್ಳು ಎಳೆತಕ್ಕೆ ಸಿಕ್ಕು ಬೇರೆಲ್ಲೋ ತಿರುಗುತ್ತದೆ, ಮೊಬೈಲಿನ ಕಂಪಾಸೂ ಹಾಗೆಯೇ. ಎರಡು ಗೂಟ ನೆಟ್ಟು, ಆ ತುದಿಯಿಂದ ಈ ತುದಿಗೂ ಈ ತುದಿಯಿಂದ ಆ ತುದಿಗೂ ದಿಕ್ಕು ನೋಡಿ. ಎರಡರ ನಡುವೆ 180 ಡಿಗ್ರಿ ಬಾರದಿದ್ದರೆ ಕಂಪಾಸು ಬದಿಗಿಟ್ಟು, ಓಟದ ಗೆರೆಯ ಮೇಲೆ ಐವತ್ತು ನೂರು ಮೀಟರ್ ಅಂತರದ ಎರಡು ಬಿಂದುಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ಅದರಿಂದ ದಿಕ್ಕು ತೆಗೆಯಿರಿ.

ರಾಣೆಬೆನ್ನೂರು, ಹಾವೇರಿ ಕಡೆಯ ಗ್ರೇವ್ಯಾಕ್ ಕಲ್ಲಿನಲ್ಲಿ ಇನ್ನೂ ಒಂದು ಸಂಗತಿ ಓದಬಹುದು. ಇದು ಆಳ ಸಾಗರಕ್ಕೆ ಕೆಸರಿನ ಹೊನಲು ಧುಮುಕಿ ಕೂತ ಕಲ್ಲು. ಪ್ರತಿ ಪದರದಲ್ಲೂ ದಪ್ಪ ಮರಳು ಮೊದಲು ತಳ ಸೇರಿ, ನುಣುಪು ಮೇಲೆ ಕೂತಿದೆ. ಈಗ ಪದರ ನಿಂತಿರುವುದರಿಂದ ದಪ್ಪ ಕಣ ಒಂದು ಮಗ್ಗುಲಿಗೆ, ನುಣುಪು ಇನ್ನೊಂದು ಮಗ್ಗುಲಿಗೆ ಕಾಣುತ್ತದೆ. ಕಲ್ಲನ್ನು ಒಡೆದು, ಒದ್ದೆ ಮಾಡಿ, ಮಸೂರ ಹಿಡಿದು ನೋಡಿ. ನುಣುಪಿನ ಕಡೆಯೇ ಆ ಕಾಲದ ಮೇಲ್ಮುಖ. ಎರಡು ನೆರೆಯ ಜಾಗಗಳಲ್ಲಿ ನುಣುಪು ಎದುರುಬದುರಾಗಿದ್ದರೆ ನಡುವೆ ಮಡಿಕೆಯ ತಿರುವು ಇರುವ ಸಂಭವ ಹೆಚ್ಚು. ತಿರುವಿನಲ್ಲಿ ಕಲ್ಲು ಹೆಚ್ಚು ಬಿರಿದಿರುತ್ತದೆ. ಅಲ್ಲಿ ನೀರು ಹುಡುಕುವುದು ಲಾಭ.

ನೀರು ಇಂಥ ಕಲ್ಲಿನ ಮೈಯೊಳಗೆ ಇರುವುದಿಲ್ಲ. ಮೇಲಿನ ಐದರಿಂದ ಇಪ್ಪತ್ತೈದು ಮೀಟರಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ, ವಿಶೇಷವಾಗಿ ಒಡೆದ ಬೆಣಚುಕಲ್ಲಿನ ಎಳೆಗಳಲ್ಲಿ ಇರುತ್ತದೆ. ಬೆಣಚಿನ ಎಳೆ ನೆಲದ ಮೇಲೆ ಬೆಳ್ಳಗೆ ಕಂಡಿತೆಂದು ಅದರ ತಲೆಯ ಮೇಲೇ ರಿಗ್ ನಿಲ್ಲಿಸುವುದು ಎಲ್ಲೆಡೆ ನಡೆಯುವ ತಪ್ಪು. ಎಳೆ ಪೂರ್ವಕ್ಕೆ 70 ಡಿಗ್ರಿ ವಾಲಿದ್ದರೆ ನೆಟ್ಟಗೆ ಇಳಿಯುವ ಬೋರು ಕೆಲವೇ ಮೀಟರಿನಲ್ಲಿ ಅದನ್ನು ಬಿಟ್ಟು ಒಣ ಶಿಸ್ಟಿಗೆ ನುಗ್ಗುತ್ತದೆ. 60 ಮೀಟರ್ ಆಳದಲ್ಲಿ ಆ ಎಳೆಗೆ ಬಡಿಯಬೇಕಿದ್ದರೆ ಎಳೆ ಕಂಡಲ್ಲಿಂದ ಪೂರ್ವಕ್ಕೆ 22 ಮೀಟರ್ ಸರಿದು ಕೊರೆಯಬೇಕು. ವಾಲು 80 ಡಿಗ್ರಿಯಾದರೆ 11 ಮೀಟರ್ ಸಾಕು, 60 ಡಿಗ್ರಿಯಾದರೆ 35 ಮೀಟರ್ ಬೇಕು. ಆಳವನ್ನು ವಾಲಿನ ಟ್ಯಾಂಜೆಂಟಿನಿಂದ ಭಾಗಿಸಿದರೆ ಈ ಅಂತರ ಸಿಗುತ್ತದೆ. ಹತ್ತು ಡಿಗ್ರಿ ತಪ್ಪಿದರೆ ಹನ್ನೊಂದರಿಂದ ಹದಿಮೂರು ಮೀಟರ್ ತಪ್ಪುತ್ತದೆ ಎಂಬುದನ್ನು ಗಮನಿಸಿ.

ವಿದ್ಯುತ್ ರೋಧ ಪರೀಕ್ಷೆ (ನೆಲಕ್ಕೆ ನೆಟ್ಟ ಗೂಟಗಳ ಮೂಲಕ ಕರೆಂಟು ಹಾಯಿಸಿ, ಕಲ್ಲು ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದು) ಮಾಡಿಸುವವರು ಎರಡು ಗೆರೆಗಳನ್ನು ಬೇರೆಬೇರೆ ಹಾಕಿಸಬೇಕು. ಮೊದಲನೆಯದು ಓಟಕ್ಕೆ ಅಡ್ಡಲಾಗಿ, ಹತ್ತು ಹತ್ತು ಮೀಟರಿಗೆ ಒಂದು ಅಳತೆ. ಯಾವ ಪದರ ಬಿರಿದಿದೆ ಎಂದು ತೋರಿಸುವುದು ಇದು. ಎರಡನೆಯದು, ಆರಿಸಿದ ಜಾಗದಲ್ಲಿ ಆಳ ನೋಡುವ ಪರೀಕ್ಷೆ, ಓಟದ ಉದ್ದಕ್ಕೇ. ಅಡ್ಡಲಾಗಿ ಚಾಚಿದರೆ ತಂತಿ ಬೇರೆ ಪದರಗಳ ಮೇಲೆ ಹಾದು, ಪಕ್ಕದ ಬದಲಾವಣೆಯನ್ನೇ ಆಳದ ಬದಲಾವಣೆ ಎಂದು ತೋರಿಸುತ್ತದೆ. 60–80 ಮೀಟರ್ ಆಳದ ಸುದ್ದಿ ಬೇಕಿದ್ದರೆ ಹೊರಗಿನ ಎರಡು ಎಲೆಕ್ಟ್ರೋಡ್ ಗೂಟಗಳ ನಡುವೆ 250–300 ಮೀಟರ್ ಜಾಗ ಬೇಕು. ಒಣ ಗರಸಿನಲ್ಲಿ ಗೂಟಕ್ಕೆ ಉಪ್ಪುನೀರು ಹಾಕಿ. ತಂತಿಬೇಲಿ, ಹೂತ ಪೈಪು, ವಿದ್ಯುತ್ ಲೈನಿನಿಂದ ದೂರವಿರಿ. ರೋಧ ಕಡಿಮೆ ಬಂತೆಂದರೆ ನೀರು ಬಂತೆಂದಲ್ಲ. ಜೇಡಿಯಾದ ಶಿಸ್ಟು ಕೂಡ ಕಡಿಮೆ ತೋರಿಸುತ್ತದೆ, ಗದಗ ಪಟ್ಟಿಯಲ್ಲಿರುವ ಇಂಗಾಲ ಬೆರೆತ ಕರಿಯ ಫಿಲ್ಲೈಟ್ ಕಲ್ಲು ಅಂತೂ ಒಣಗಿದ್ದರೂ ಕಡಿಮೆಯೇ. ಹೊಲದಲ್ಲಿ ಬೆರಳಿಗೆ ಕರಿ ಹತ್ತುವ ಕಲ್ಲಿನ ಚೂರು ಕಂಡರೆ ಆ ಅಂಕಿಯನ್ನು ಅನುಮಾನಿಸಿ. ಇನ್ನು ಅಕ್ಕಪಕ್ಕದ ರೈತರಲ್ಲಿ ಬೋರಿನ ಜಗಳ ಬರುವುದೂ ಓಟದ ಗೆರೆಯ ಮೇಲೆ. ಒಂದೇ ಪದರದಲ್ಲಿ ನೂರು ಮೀಟರ್ ದೂರವಿದ್ದರೂ ಒಂದು ಇನ್ನೊಂದರ ನೀರೆಳೆಯಬಹುದು, ಅಡ್ಡಲಾಗಿ ಮೂವತ್ತು ಮೀಟರ್ ದೂರದ್ದಕ್ಕೆ ಏನೂ ಆಗದಿರಬಹುದು.

ಪಾಯಕ್ಕೂ ಇದೇ ನಿಯಮ. ಪರೀಕ್ಷೆಯ ಗುಂಡಿಗಳನ್ನು ಸೈಟಿನ ಮೂಲೆಗಳಲ್ಲಿ ಕಣ್ಣಳತೆಗೆ ತೆಗೆಯುವುದು ರೂಢಿ. ಅದರ ಬದಲು ಓಟಕ್ಕೆ ಅಡ್ಡ ಗೆರೆಯ ಮೇಲೆ ಮೂರಾದರೂ ತೆಗೆಸಿ. ಗಟ್ಟಿ ಪಟ್ಟಿ, ಮೆತ್ತನೆ ಪಟ್ಟಿ ಎಲ್ಲಿ ಬದಲಾಗುತ್ತವೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಅರ್ಧ ಮನೆ ಕಲ್ಲಿನ ಮೇಲೆ, ಅರ್ಧ ಜೇಡಿಯ ಮೇಲೆ ಕೂತರೆ ಗೋಡೆಯಲ್ಲಿ ಓರೆ ಬಿರುಕು ಬರುವುದು ಖಚಿತ. ಅಂದಹಾಗೆ, ಎರೆಮಣ್ಣು ಇದ್ದಲ್ಲೆಲ್ಲ ಕೆಳಗೆ ಡೆಕ್ಕನ್ ಲಾವಾ ಇದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಹುಬ್ಬಳ್ಳಿ, ಗದಗ ಸೀಮೆಯ ಎರೆಯ ಕೆಳಗೆ ಸಾಮಾನ್ಯವಾಗಿ ಇರುವುದು ಶಿಸ್ಟು ಮತ್ತು ಪಟ್ಟೆಪಟ್ಟೆಯ ಗಟ್ಟಿ ನೈಸ್ ಶಿಲೆ, 6.6 ಕೋಟಿ ವರ್ಷ ಹಿಂದಿನ ಆ ಲಾವಾ ನೋಡಬೇಕಿದ್ದರೆ ಬೆಳಗಾವಿ, ವಿಜಯಪುರದ ಕಡೆ ಹೋಗಬೇಕು.

ಭೂಕಂಪದ ವಿಷಯದಲ್ಲಿ ‘ನಮ್ಮದು ಹಳೆಯ ಗಟ್ಟಿ ನೆಲ, ಏನೂ ಆಗದು’ ಎಂಬ ಮಾತು ಅರ್ಧ ನಿಜ. ಭಾರತದ ಫಲಕ ಇಡಿಯಾಗಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಹುಬ್ಬಳ್ಳಿ, ಧಾರವಾಡ ಎರಡೂ ಜೊತೆಗೇ ಸರಿಯುವುದರಿಂದ ನಡುವಿನ ಅಂತರ ಬದಲಾಗದು. ಆದರೆ ಮುಂದೆ ಹಿಮಾಲಯದಲ್ಲಿ ತಡೆದಾಗ ಹುಟ್ಟುವ ಒತ್ತಡ ಫಲಕದ ಒಡಲಿಗೂ ಹರಡುತ್ತದೆ, ಹಳೆಯ ಸೀಳು ಎಲ್ಲಿ ಸಡಿಲವಿದೆಯೋ ಅಲ್ಲಿ ಜಾರುತ್ತದೆ. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ, ಜಲಾಶಯದ ನೀರಿನ ಪ್ರಚೋದನೆಯೂ ಸೇರಿ, 6.3ರ ಕಂಪನವಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅದೇ ರಾಜ್ಯದ ಕಿಲ್ಲಾರಿಯಲ್ಲಿ ನೆಲ ನಡುಗಿ ಹತ್ತು ಸಾವಿರದಷ್ಟು ಜನ ಸತ್ತರು. ನಂತರ ಅಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರ್ ಲಾವಾದ ಕೆಳಗೆ ಸಿಕ್ಕಿದ್ದು ನಮ್ಮಲ್ಲಿರುವಂಥದೇ ಹಳೆಯ ನೈಸ್.

2016ರ ಭೂಕಂಪ ಸಂಹಿತೆಯಲ್ಲಿ ಧಾರವಾಡ ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿದೆ. ಅದೇ ಸಂಹಿತೆಯ ಪ್ರಕಾರ ಒಂದು ಸಲ ಅತ್ತಿತ್ತ ತೂಗಲು ಒಂದು ಸೆಕೆಂಡ್ ಹಿಡಿಯುವ ಕಟ್ಟಡಕ್ಕೆ ಮೆತ್ತನೆ ಮಣ್ಣಿನ ಮೇಲೆ ಲೆಕ್ಕ ಹಾಕಬೇಕಾದ ಬಲ ಗಟ್ಟಿ ಕಲ್ಲಿನ ಮೇಲಿನದಕ್ಕಿಂತ 1.67 ಪಟ್ಟು. ಅಪಾರ್ಟ್‌ಮೆಂಟ್ ಕಟ್ಟುವವರು ಎರೆಮಣ್ಣಿನ ಸೈಟಿಗೆ ಕಲ್ಲಿನ ಸೈಟಿನ ಡ್ರಾಯಿಂಗನ್ನೇ ಬಳಸುವುದು ಇದರಿಂದಲೇ ತಪ್ಪು.

ನನಗೆ ಹೆಚ್ಚು ಕಳವಳ ಹಳ್ಳಿಯ ಮಾಳಿಗೆ ಮನೆಗಳದ್ದು. ಕಿಲ್ಲಾರಿಯಲ್ಲಿ ಜನರ ಮೇಲೆ ಕುಸಿದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ನವಲಗುಂದ, ರೋಣ, ನರಗುಂದದ ಹಳೆಯ ಓಣಿಗಳಲ್ಲಿ ಇರುವುದೂ ಅದೇ ಬಗೆ. ಇಂಥ ಗೋಡೆಯಲ್ಲಿ ಒಳ, ಹೊರ ಎರಡು ಕಲ್ಲಿನ ಸಾಲು, ನಡುವೆ ಕಲ್ಲುಚೂರು ಮತ್ತು ಮಣ್ಣು. ಅಲುಗಿದಾಗ ಎರಡು ಸಾಲು ಬೇರೆಯಾಗಿ ಹೊಟ್ಟೆಬಿಟ್ಟು ಬೀಳುತ್ತವೆ. ಹೊಸದಾಗಿ ಕಟ್ಟುವಾಗ ಗೋಡೆ 45 ಸೆಂಟಿಮೀಟರಿಗಿಂತ ದಪ್ಪ ಬೇಡ, ಮಣ್ಣಿನ ಗಾರೆ ಬೇಡ. ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ ಪ್ರತಿ 1.2 ಮೀಟರಿಗೆ ಗೋಡೆಯ ಎರಡೂ ಮುಖ ಮುಟ್ಟುವ ಉದ್ದಗಲ್ಲು ಕೂರಿಸಿ, ಬಾಗಿಲ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿ. ಹಳೆಯ ಮನೆಯಾದರೆ ಮಾಳಿಗೆಯಿಂದ ಶುರು ಮಾಡಿ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಹಳೆಯದರ ಮೇಲೇ ಹೊಸ ಮಣ್ಣು ಹಾಕುತ್ತ ಬಂದರೆ ತೂಕ ಏರುತ್ತಲೇ ಹೋಗುತ್ತದೆ. ಮೊದಲು ಹಳೆಯ ಪದರ ಕೆರೆದು ಕೆಳಗಿಳಿಸಿ, ಆಮೇಲೆ ಹೊಸದನ್ನು ಹಾಕಿ.