ಗುದ್ದಲಿ, ಸಲಿಕೆ, ಕತ್ತರಿ: ಆಮದಾಗುವ ಕೈಸಲಕರಣೆಗಳಿಗೆ ಕಸ್ಟಮ್ಸ್ ಕೋಡ್ ಹುಡುಕುವ ಬಗೆ

ಕಸ್ಟಮ್ಸ್ ಬ್ರೋಕರ್ ಪರೀಕ್ಷೆಗೆ ಓದುವವರು ಕಸ್ಟಮ್ಸ್ ಟ್ಯಾರಿಫ್‌ನ (ಸುಂಕಪಟ್ಟಿಯ) 84, 85ನೇ ಅಧ್ಯಾಯಗಳ, ಅಂದರೆ ಯಂತ್ರ ಮತ್ತು ವಿದ್ಯುತ್ ಉಪಕರಣಗಳ ಮುಂದೆ ಕೂತು ತಲೆ ಕೆಡಿಸಿಕೊಳ್ಳುತ್ತಾರೆ. ಕೈಸಲಕರಣೆಗಳ 82ನೇ ಅಧ್ಯಾಯ ಬಂದಾಗ 'ಗುದ್ದಲಿ, ಸಲಿಕೆ ತಾನೇ' ಅಂತ ಪುಟ ಮಗುಚಿಬಿಡುತ್ತಾರೆ. ಆದರೆ ವರ್ಗೀಕರಣದ ನಿಯಮ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ನನಗಂತೂ ಇದೇ ಒಳ್ಳೆಯ ಜಾಗ ಅನಿಸುತ್ತದೆ. ಸಾಮಾನುಗಳೆಲ್ಲ ಕಣ್ಣಿಗೆ ಕಂಡವು, ಕೈಯಲ್ಲಿ ಹಿಡಿದವು. ಕಾನೂನಿನ ಮಾತಿನ ಮೇಲಷ್ಟೇ ಗಮನ ಇಟ್ಟರೆ ಸಾಕು.

ಚೌಕಟ್ಟು ಚುಟುಕಾಗಿ. ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಅಂದರೆ ಸರಕುಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪದ್ಧತಿ. ಅದರ ಕೋಡ್‌ನ ಮೊದಲ 6 ಅಂಕಿ ಈ ಪದ್ಧತಿ ಒಪ್ಪಿದ ದೇಶಗಳಲ್ಲೆಲ್ಲ ಒಂದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಭಾರತದಲ್ಲಿ ನಾವು ಇನ್ನೆರಡು ಅಂಕಿ ಸೇರಿಸಿ 8 ಮಾಡಿಕೊಳ್ಳುತ್ತೇವೆ. ಅದು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ವರ್ಗೀಕರಣಕ್ಕೆ 6 ಸಾಮಾನ್ಯ ನಿಯಮಗಳಿವೆ. ಮೊದಲನೆಯದೇ ಮುಖ್ಯ: ಶೀರ್ಷಿಕೆಯ (ಕೋಡ್‌ನ ಮೊದಲ 4 ಅಂಕಿ ಸೂಚಿಸುವ ಗುಂಪು) ಪದಗಳು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳು ಏನು ಹೇಳುತ್ತವೋ ಅದರಂತೆ ನಡೆಯಬೇಕು. ಉಳಿದವು ಬರುವುದು ಇದರಿಂದ ಬಗೆಹರಿಯದಿದ್ದಾಗ.

ಈಗ 8201 ಅನ್ನುವ ಶೀರ್ಷಿಕೆಯನ್ನು ನಿಧಾನವಾಗಿ ಓದಿ. ಸಲಿಕೆ, ಗುದ್ದಲಿ, ಪಿಕಾಸಿ, ಫೋರ್ಕು, ರೇಕು, ಕೊಡಲಿ, ಮಚ್ಚು, ಗಿಡ ಸಮರುವ ಕತ್ತರಿ, ಕುಡುಗೋಲು, ಬೇಲಿ ಕತ್ತರಿ, ಮರ ಸೀಳುವ ಬೆಣೆ ಅಂತ ಹೆಸರುಗಳ ಸಾಲು ಬರುತ್ತದೆ. ಕೊನೆಗೆ 'ಕೃಷಿ, ತೋಟಗಾರಿಕೆ ಅಥವಾ ಅರಣ್ಯ ಕೆಲಸಕ್ಕೆ ಬಳಸುವ ಬಗೆಯ ಇತರ ಸಲಕರಣೆಗಳು' ಅಂತ ಮುಗಿಯುತ್ತದೆ. ಈ 'ಕೃಷಿ' ಷರತ್ತು ಅಂಟಿರುವುದು 'ಇತರ' ಅನ್ನುವುದಕ್ಕೆ. ಹೆಸರು ಹೇಳಿದವಕ್ಕೆ ಅಲ್ಲ. ಹಾಗಾಗಿ ಕಟ್ಟಡದ ಕಂಟ್ರಾಕ್ಟರ್ ಮರಳು ತುಂಬಲು ತರಿಸಿದ ಸಲಿಕೆಯೂ 8201.10ಕ್ಕೇ ಹೋಗುತ್ತದೆ. 'ಇದು ಹೊಲಕ್ಕಲ್ಲ, ಸೈಟಿಗೆ' ಅಂತ ಯಾರಾದರೂ ಬೇರೆ ಕೋಡ್ ಹುಡುಕಲು ಹೊರಟರೆ ಈ ವಾಕ್ಯವನ್ನು ಮತ್ತೊಮ್ಮೆ ಓದಿಸಿ. ಇನ್ನು 'ಬಳಸುವ ಬಗೆಯ' ಅಂದರೆ ಆ ಜಾತಿಯ ಸಾಮಾನು ಸಾಮಾನ್ಯವಾಗಿ ಎಲ್ಲಿ ಬಳಕೆಯಾಗುತ್ತದೆ ಅನ್ನುವುದು. ಈ ಪೆಟ್ಟಿಗೆಯನ್ನು ಯಾರು ಕೊಂಡರು ಅನ್ನುವುದು ಲೆಕ್ಕಕ್ಕಿಲ್ಲ.

ಉಪಶೀರ್ಷಿಕೆಗಳಲ್ಲಿ, ಅಂದರೆ 6 ಅಂಕಿಯ ಕೋಡ್‌ಗಳಲ್ಲಿ, ಜಾಸ್ತಿ ಕಷ್ಟವಿಲ್ಲ. ಗುದ್ದಲಿ, ಪಿಕಾಸಿ, ರೇಕು 8201.30. ಕೊಡಲಿ, ಮಚ್ಚು 8201.40. ಒಂದೇ ಕೈಯಲ್ಲಿ ಹಿಡಿಯುವ ಕತ್ತರಿ 8201.50, ಎರಡೂ ಕೈ ಬೇಕಾದ್ದು 8201.60. ದಪ್ಪ ಕೊಂಬೆ ಕತ್ತರಿಸುವ ಉದ್ದ ಹಿಡಿಯ ಲಾಪರ್ ಎರಡನೆಯದಕ್ಕೆ ಸೇರುತ್ತದೆ. 8201.50ರಲ್ಲಿ ಕೋಳಿಮಾಂಸ ಕತ್ತರಿಸುವ ಅಡುಗೆಮನೆ ಕತ್ತರಿಯೂ ಇದೆ. ನಗು ಬರುತ್ತದೆ ಅಲ್ವಾ? ಆದರೆ ಹಾಗೆ ಬರೆದಿದೆ, ಅಷ್ಟೇ. ಕುಡುಗೋಲು 8201.90. ಹಳೆಯ ಪುಸ್ತಕದಲ್ಲಿ ಫೋರ್ಕಿಗೆ 8201.20 ಕಂಡರೆ ನಂಬಬೇಡಿ. 2012ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದುಹಾಕಿದರು, ಫೋರ್ಕು ಈಗ 8201.90ರಲ್ಲಿದೆ.

ಇನ್ನು ಅಧ್ಯಾಯದ 1ನೇ ಟಿಪ್ಪಣಿ. ಪರೀಕ್ಷೆಯಲ್ಲಿ ಎಡವಿಸುವುದು ಇದೇ. ಕೆಲಸ ಮಾಡುವ ತುದಿ, ಅಂದರೆ ಅಲಗು, ಬಾಯಿ ಅಥವಾ ಹಲ್ಲು, ಕಬ್ಬಿಣ ಉಕ್ಕಿನಂಥ ಸಾಮಾನ್ಯ ಲೋಹದ್ದೋ ಅಥವಾ ಟಿಪ್ಪಣಿ ಹೆಸರಿಸುವ ಕಾರ್ಬೈಡ್‌ನಂಥ ಕೆಲವು ವಸ್ತುಗಳದ್ದೋ ಆಗಿರಬೇಕು. ಹಿಡಿ ಯಾವುದರದ್ದಾದರೂ ಸರಿ. ಎಲೆ ಗುಡಿಸುವ ಪ್ಲಾಸ್ಟಿಕ್ ಹಲ್ಲಿನ ರೇಕಿಗೆ ಕಬ್ಬಿಣದ ಕಾವು ಹಾಕಿದ್ದರೂ ಅದು 82ಕ್ಕೆ ಬರುವುದಿಲ್ಲ, 39ನೇ ಅಧ್ಯಾಯದಲ್ಲಿ ಹುಡುಕಬೇಕು. ಪೂರ್ತಿ ಮರದ ರೇಕು 4417. ಉಕ್ಕಿನ ಹಲ್ಲಿಗೆ ಪ್ಲಾಸ್ಟಿಕ್ ಕಾವು ಇದ್ದರೆ ಧಾರಾಳವಾಗಿ 8201.30. ಮಕ್ಕಳ ಆಟಕ್ಕೆಂದೇ ಮಾಡಿದ ಪುಟ್ಟ ಸಲಿಕೆ ಬಕೆಟ್ಟು ಬಂದರೆ 9503 ನೋಡಿ.

ತೋಟದಲ್ಲಿ ಕಾಣುವುದೆಲ್ಲ 8201 ಅಲ್ಲ. ಕೊಂಬೆ ಕೊಯ್ಯುವ ಮಡಚುವ ಗರಗಸ 8202.10, ಯಾಕೆಂದರೆ ಕೈಗರಗಸಕ್ಕೆ ಅದರದ್ದೇ ಶೀರ್ಷಿಕೆ ಇದೆ. ಗಿಡ ಸಮರುವ ಚಾಕು 8211, ಆ ಶೀರ್ಷಿಕೆಯಲ್ಲೇ ಅದರ ಹೆಸರು ಬರೆದಿದೆ. ಕಲ್ಲು ಮೀಟುವ ಕಬ್ಬಿಣದ ಸರಳು, ಗಾರೆ ಕೆಲಸದ ಕರಣೆ 8205. ಸಸಿ ನೆಡುವ ಪುಟ್ಟ ಕೈಸಲಿಕೆ ನೋಡಲು ಕರಣೆಯ ಹಾಗೇ ಇದ್ದರೂ 8201 ಬಿಟ್ಟು ಹೋಗುವುದಿಲ್ಲ. ಬೆನ್ನಿಗೆ ಹಾಕುವ ಔಷಧಿ ಪಂಪು ಕೈಯಲ್ಲೇ ಒತ್ತುವಂಥದ್ದಾದರೂ 8424. ತಳ್ಳುವ ಹುಲ್ಲು ಕತ್ತರಿಸುವ ಯಂತ್ರ 8433. ಬ್ಯಾಟರಿಯ ಬೇಲಿ ಕತ್ತರಿ 8467, ಏಕೆಂದರೆ ಮೋಟಾರು ಅದರೊಳಗೇ ಇದೆ.

ಈಗ ಸ್ವಲ್ಪ ಸಿಕ್ಕಿನ ವಿಷಯ: ಸೆಟ್. ಒಂದು ಉಡುಗೊರೆ ಪೆಟ್ಟಿಗೆಯಲ್ಲಿ ಕೈಸಲಿಕೆ, ಕತ್ತರಿ, ಮಡಚುವ ಗರಗಸ, ಕೈಗವಸು ಇದೆ ಅಂತಿಟ್ಟುಕೊಳ್ಳಿ. ಹೊಸಬರು ಥಟ್ಟನೆ 8206 ಬರೆಯುತ್ತಾರೆ, ಅಲ್ಲಿ 'ಸಲಕರಣೆಗಳ ಸೆಟ್' ಅಂತ ಇದೆಯಲ್ಲ. ಆದರೆ ಅದು ಹೇಳುವುದು 8202ರಿಂದ 8205ರವರೆಗಿನ ಸಲಕರಣೆಗಳ ಸೆಟ್. 8201 ಅದರೊಳಗಿಲ್ಲ. ಹಾಗಾಗಿ ಆ 6 ಸಾಮಾನ್ಯ ನಿಯಮಗಳಲ್ಲಿ 3(ಬಿ)ಗೆ ಹೋಗಬೇಕು. ಬೇರೆ ಬೇರೆ ಶೀರ್ಷಿಕೆಯ ಕನಿಷ್ಠ ಎರಡು ವಸ್ತು, ಒಂದೇ ಕೆಲಸಕ್ಕೆ ಜೊತೆಗೂಡಿದ್ದು, ಗಿರಾಕಿಗೆ ಹಾಗೆಯೇ ಮಾರುವಂಥ ಪ್ಯಾಕಿಂಗ್: ಮೂರೂ ಇದ್ದರೆ ಸೆಟ್‌ನ ಮುಖ್ಯ ಗುಣ ಯಾವುದರಿಂದ ಬಂತು ಅಂತ ನೋಡುವುದು. ಇಲ್ಲಿ ಸಲಿಕೆ, ಕತ್ತರಿ ಎರಡೂ 8201 ಕಡೆಗೆ ಎಳೆಯುತ್ತವೆ, ಕೈಗವಸು ಸುಮ್ನೆ ಜೊತೆಗಿದೆ. ಆದರೆ ಪೆಟ್ಟಿಗೆಯಲ್ಲಿ ಒಂದು ಕತ್ತರಿ, ಸಮ ಬೆಲೆಯ ಒಂದು ಗರಗಸ ಮಾತ್ರ ಇದ್ದು ಯಾವುದು ಮುಖ್ಯ ಅಂತ ಹೇಳಲಾಗದಿದ್ದರೆ 3(ಸಿ): ಸಂಖ್ಯೆಯಲ್ಲಿ ಕೊನೆಗೆ ಬರುವ ಶೀರ್ಷಿಕೆ. ಅಂದರೆ 8202.

ಇದರಿಂದ ದುಡ್ಡಿನ ವ್ಯತ್ಯಾಸ ಎಷ್ಟು? ಲೆಕ್ಕಕ್ಕಾಗಿ ಮೂಲ ಸುಂಕ ಶೇ. 10 ಎಂದು ಹಿಡಿಯಿರಿ, ನಿಜವಾದ ದರವನ್ನು ಆ ದಿನದ ಟ್ಯಾರಿಫ್‌ನಲ್ಲಿ ನೋಡಿಕೊಳ್ಳಿ. 1,00,000 ರೂಪಾಯಿ ಮೌಲ್ಯಕ್ಕೆ 10,000 ಸುಂಕ, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 1,000. ಕೈಯಿಂದ ಬಳಸುವ ಕೃಷಿ ಸಲಕರಣೆ ಅಂತ 8201ಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಸೊನ್ನೆ. ಒಟ್ಟು 11,000. ಅದೇ ಪೆಟ್ಟಿಗೆ 8202ಕ್ಕೆ ಹೋಗಿ ಶೇ. 18 ಐಜಿಎಸ್‌ಟಿ ಬಿತ್ತು ಅಂದುಕೊಳ್ಳಿ. ಅದು 1,11,000ದ ಮೇಲೆ ಬೀಳುತ್ತದೆ, 19,980 ಆಗುತ್ತದೆ. ಎರಡು ಕೋಡ್‌ಗೂ ಮೂಲ ಸುಂಕ ಒಂದೇ ಇದ್ದಾಗಲೂ ವಿವಾದ ಏಳುವುದು ಇದಕ್ಕೇ.

ಬಿಡಿಭಾಗಗಳಿಗೆ 2ನೇ ಟಿಪ್ಪಣಿ. ಸಾಮಾನ್ಯ ಲೋಹದ ಬಿಡಿಭಾಗ ಆಯಾ ಸಲಕರಣೆಯ ಜೊತೆಗೇ ಹೋಗುತ್ತದೆ. ಕಾವಿಲ್ಲದ ಗುದ್ದಲಿಯ ಬಾಯಿ ಮಾತ್ರ ಬಂದರೂ 8201.30. ಸಮರುವ ಕತ್ತರಿಯ ಹೊಸ ಅಲಗು 8201.50. ಆದರೆ ಅದೇ ಕತ್ತರಿಯ ನಡುವಿನ ಉಕ್ಕಿನ ಸ್ಪ್ರಿಂಗು ಬಿಡಿಯಾಗಿ ಬಂದರೆ 7320, ತಿರುಪು 7318. ಇವು 15ನೇ ವಿಭಾಗದ (ಸಾಮಾನ್ಯ ಲೋಹಗಳ ಅಧ್ಯಾಯಗಳ ಗುಂಪು) ಟಿಪ್ಪಣಿಯ ಪ್ರಕಾರ 'ಸಾಮಾನ್ಯ ಬಳಕೆಯ ಭಾಗಗಳು'. ಮರದ ಕಾವು ಮಾತ್ರ ಬಂದರೆ 4417.

ನಮ್ಮ ಅಡಿಕೆ ಸೀಮೆಯ ಕಾರ್ಬನ್ ಫೈಬರ್ ದೋಟಿಯನ್ನು ಇದೇ ಕಣ್ಣಿಂದ ನೋಡಿ. ಉದ್ದ ಕೊಳವೆ, ತುದಿಗೆ ಗೊನೆ ಕೊಯ್ಯುವ ಉಕ್ಕಿನ ಕತ್ತಿ. ಎರಡೂ ಒಟ್ಟಿಗೆ ಒಂದೇ ಸಲಕರಣೆಯಾಗಿ ಬಂದರೆ, ಬಿಚ್ಚಿ ಇಟ್ಟಿದ್ದರೂ 2(ಎ) ನಿಯಮದಂತೆ ಪೂರ್ತಿ ಸಲಕರಣೆಯೇ. ತುದಿ ಉಕ್ಕಿನದು, ಕೆಲಸ ತೋಟದ್ದು, 8201.90ಕ್ಕೆ ವಾದಿಸಬಹುದು. ಕೊಳವೆ ಮಾತ್ರ ಬಂದರೆ? 'ದೋಟಿಯ ಭಾಗ' ಅನ್ನುವ ವಾದ ನಿಲ್ಲುವುದಿಲ್ಲ, ಏಕೆಂದರೆ 2ನೇ ಟಿಪ್ಪಣಿ ಒಪ್ಪುವುದು ಲೋಹದ ಭಾಗಗಳನ್ನು ಮಾತ್ರ. ಆಗ ವಸ್ತುವಿನ ಕಡೆ ತಿರುಗಬೇಕು. ಕಾರ್ಬನ್ ನಾರು 6815 ಕಡೆಗೆ, ಅದನ್ನು ಹಿಡಿದಿಟ್ಟ ರಾಳ 39ರ ಕಡೆಗೆ ಎಳೆಯುತ್ತದೆ. ಅದೇ ಕೊಳವೆಯನ್ನು ರೈತರು ಔಷಧಿ ಹೊಡೆಯಲೂ ಬಳಸುತ್ತಾರೆ. ಇಂಥದ್ದನ್ನು ಬಿಲ್ ಆಫ್ ಎಂಟ್ರಿಯಲ್ಲಿ (ಆಮದುದಾರ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ) ಊಹೆಯ ಮೇಲೆ ಬರೆಯುವುದಕ್ಕಿಂತ ದೆಹಲಿ ಅಥವಾ ಮುಂಬೈನ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಸರಕು ಬರುವ ಮೊದಲೇ ಅರ್ಜಿ ಹಾಕುವುದು ವಾಸಿ. ಅರ್ಜಿಯ ಜೊತೆ ನಾರು ಮತ್ತು ರಾಳದ ಪ್ರಮಾಣ, ಕೊಳವೆ ತಯಾರಿಸಿದ ವಿಧಾನ, ತುದಿಯ ಜೋಡಣೆಯ ಫೋಟೊ ಇರಲಿ. ಕ್ಯಾಟಲಾಗಿನ ಮುಖಪುಟವೊಂದನ್ನೇ ಲಗತ್ತಿಸಿದರೆ ಸಾಲದು.