ಬೆರಳಿನಿಂದ ಮೊಬೈಲ್‌ವರೆಗೆ: ನಾಡಿ ಅಳೆಯುವ ಪ್ರಾಜೆಕ್ಟ್‌ನ ಟಿಪ್ಪಣಿ

ಒಂದು ಮ್ಯಾಕ್ಸ್30102 ಸೆನ್ಸರ್, ವೈಫೈ, ಬ್ಲೂಟೂತ್ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್, ಕೈಯಲ್ಲೊಂದು ಮೊಬೈಲ್. ಇಷ್ಟಿದ್ದರೆ ನಾಡಿಬಡಿತ ಮತ್ತು ರಕ್ತದ ಆಕ್ಸಿಜನ್ ತೋರಿಸುವ ಪ್ರಾಜೆಕ್ಟ್ ಶುರು ಮಾಡಬಹುದು. ಲೈಬ್ರರಿ ಹಾಕಿ, ಅದರ ಜೊತೆ ಬರುವ ಉದಾಹರಣೆ ಕೋಡ್ ಓಡಿಸಿದರೆ ಸ್ಕ್ರೀನ್ ಮೇಲೆ 72 (ನಿಮಿಷಕ್ಕೆ ಬಡಿತ), 98 (ಆಕ್ಸಿಜನ್ ಶೇಕಡಾ) ಅಂತ ಅಂಕಿ ಬಂದೇಬಿಡುತ್ತವೆ. ಆದರೆ ಆ 98 ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಅಂತ ವೈವಾದಲ್ಲಿ ಕೇಳಿದರೆ ಏನು ಹೇಳುತ್ತೀರಿ? ಈ ಟಿಪ್ಪಣಿ ಬರೆದದ್ದು ಆ ಪ್ರಶ್ನೆಗಾಗಿ. ನನ್ನ ಪ್ರಕಾರ ಇಡೀ ಪ್ರಾಜೆಕ್ಟ್‌ನಲ್ಲಿ ಕಲಿಯಬೇಕಾದದ್ದು ಇರುವುದೂ ಅಲ್ಲೇ.

ಬೆಳಕು ಏನನ್ನು ಅಳೆಯುತ್ತದೆ?

ಸೆನ್ಸರ್‌ನ ಪುಟ್ಟ ಗಾಜಿನ ಕೆಳಗೆ ಎರಡು ಎಲ್‌ಇಡಿ ಇವೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಇನ್‌ಫ್ರಾರೆಡ್, ಸುಮಾರು 880 ನ್ಯಾನೋಮೀಟರ್, ಅದು ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲೇ ಒಂದು ಫೋಟೋಡಯೋಡ್ ಇದೆ, ಅಂದರೆ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ ಭಾಗ. ಬೆರಳಿನೊಳಗೆ ಹೋದ ಬೆಳಕಿನಲ್ಲಿ ಸ್ವಲ್ಪ ಭಾಗ ವಾಪಸ್ ಬರುತ್ತದೆ. ಎಷ್ಟು ಬಂತು ಅಂತ ಫೋಟೋಡಯೋಡ್ ಹೇಳುತ್ತದೆ.

ಎರಡು ಬಣ್ಣ ಯಾಕೆ ಬೇಕು? ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹೀರುತ್ತದೆ, ಕೆಂಪನ್ನು ಕಡಿಮೆ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಇದಕ್ಕೆ ತದ್ವಿರುದ್ಧ. ಹಾಗಾಗಿ ಎರಡೂ ಬಣ್ಣಗಳನ್ನು ಹೋಲಿಸಿದರೆ ರಕ್ತದಲ್ಲಿ ಆಕ್ಸಿಜನ್ ಹೊತ್ತದ್ದು ಎಷ್ಟು ಪಾಲು ಅಂತ ಗೊತ್ತಾಗುತ್ತದೆ.

ಇಲ್ಲೊಂದು ತೊಡಕಿದೆ. ಬೆರಳಿನಲ್ಲಿ ಬರೀ ರಕ್ತ ಇಲ್ಲವಲ್ಲ. ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕನ್ನು ಹೀರುತ್ತವೆ. ರಕ್ತದಲ್ಲೂ ಎರಡು ಬಗೆ. ನಮಗೆ ಬೇಕಾದದ್ದು ಹೃದಯದಿಂದ ಹೊರಟು ಬರುವ ಅಪಧಮನಿಯ ರಕ್ತ, ಹೃದಯಕ್ಕೆ ವಾಪಸ್ ಹೋಗುವ ಅಭಿಧಮನಿಯದ್ದಲ್ಲ. ಇವನ್ನೆಲ್ಲ ಬೇರ್ಪಡಿಸುವುದು ಹೇಗೆ?

ಇದಕ್ಕೆ ಉತ್ತರ ಕಂಡುಕೊಂಡವರು ಜಪಾನಿನ ನಿಹಾನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೋಯಾಗಿ. ಅವರು ಹೊರಟಿದ್ದು ಬೇರೆಯದೇ ಕೆಲಸಕ್ಕೆ. ರಕ್ತಕ್ಕೆ ಒಂದು ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಅಳೆಯಲು ನೋಡುತ್ತಿದ್ದರು. ಪ್ರತಿ ಬಡಿತಕ್ಕೂ ಸಿಗ್ನಲ್ ಅಲುಗಾಡಿ ಅಳತೆ ಕೆಡುತ್ತಿತ್ತು. ಆ ಅಲುಗಾಟವನ್ನು ತೆಗೆಯಲು ಎರಡು ತರಂಗಾಂತರ ಬಳಸಿದಾಗ, ಆಕ್ಸಿಜನ್ ಬದಲಾದರೆ ಅಲುಗಾಟ ಪೂರ್ತಿ ಹೋಗುವುದಿಲ್ಲ ಅಂತ ಅವರ ಗಮನಕ್ಕೆ ಬಂತು. ಬಡಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವುದು ಮುಖ್ಯವಾಗಿ ಅಪಧಮನಿಯ ರಕ್ತವೇ. ಅಂದರೆ ಅಲುಗಾಡುವ ಭಾಗವನ್ನಷ್ಟೇ ಹಿಡಿದರೆ ನಮಗೆ ಬೇಕಾದ ರಕ್ತ ಸಿಕ್ಕಿತು! 1974ರಲ್ಲಿ ಪಲ್ಸ್ ಆಕ್ಸಿಮೆಟ್ರಿ, ಅಂದರೆ ನಾಡಿಯ ಅಲೆಯಿಂದ ರಕ್ತದ ಆಕ್ಸಿಜನ್ ಅಳೆಯುವ ವಿಧಾನ, ಹುಟ್ಟಿದ್ದು ಹೀಗೆ. ತೊಂದರೆ ಕೊಡುತ್ತಿದ್ದ ನಾಯ್ಸ್ ಒಳಗೇ ಉತ್ತರ ಇತ್ತು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

98 ಹೇಗೆ ಬರುತ್ತದೆ, ಲೆಕ್ಕ ಹಾಕಿ ನೋಡೋಣ

ಬದಲಾಗದೆ ಕೂತ ಭಾಗವನ್ನು ಡಿಸಿ ಅನ್ನೋಣ, ಬಡಿತದ ಜೊತೆ ಏರಿಳಿಯುವ ಭಾಗವನ್ನು ಎಸಿ. ಮ್ಯಾಕ್ಸ್30102ರಲ್ಲಿ ಇರುವುದು 18 ಬಿಟ್ ಎಡಿಸಿ, ಅದು ಸಿಗ್ನಲ್ ಅನ್ನು ಅಂಕಿಯಾಗಿ ಬದಲಿಸುವ ಭಾಗ. ಅಂದರೆ ಅಂಕಿ 0ಯಿಂದ 2,62,143ರವರೆಗೆ ಹೋಗಬಹುದು. ಉದಾಹರಣೆಗೆ ಒಂದು ಬೆರಳಿಗೆ ಇಷ್ಟು ಬಂತು ಅಂತ ಇಟ್ಟುಕೊಳ್ಳಿ:

ಕೆಂಪು: ಡಿಸಿ 90,000, ಎಸಿ 540. ಅನುಪಾತ 0.006.
ಇನ್‌ಫ್ರಾರೆಡ್: ಡಿಸಿ 1,10,000, ಎಸಿ 1,320. ಅನುಪಾತ 0.012.

ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.5. ಇದಕ್ಕೆ ‘ಆರ್’ ಅನ್ನುತ್ತಾರೆ. ಹವ್ಯಾಸಿ ಕೋಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಸೂತ್ರ ಇದು: ಆಕ್ಸಿಜನ್ ಶೇಕಡಾ = 110 − 25 × ಆರ್. ಇಲ್ಲಿ 110 − 12.5 = 97.5. ಸ್ಕ್ರೀನ್ ಮೇಲೆ 98.

ಎಸಿಯನ್ನು ಡಿಸಿಯಿಂದ ಭಾಗಿಸುವುದು ಯಾಕೆ ಅನ್ನುವುದನ್ನು ಬಿಟ್ಟು ಮುಂದೆ ಹೋಗಬೇಡಿ. ಎಲ್‌ಇಡಿ ಒಂದು ಸ್ವಲ್ಪ ಪ್ರಖರ, ಇನ್ನೊಂದು ಮಂದ ಇರಬಹುದು. ಒಬ್ಬರ ಬೆರಳು ದಪ್ಪ, ಇನ್ನೊಬ್ಬರದ್ದು ಸಣ್ಣ. ಭಾಗಿಸಿದಾಗ ಈ ವ್ಯತ್ಯಾಸಗಳು ಬಹುಮಟ್ಟಿಗೆ ಹೊಡೆದುಹೋಗುತ್ತವೆ.

ಇನ್ನೊಂದು ಮಾತು. 110 ಮತ್ತು 25 ಪ್ರಕೃತಿಯ ನಿಯಮದಿಂದ ಬಂದ ಸಂಖ್ಯೆಗಳಲ್ಲ, ಅಂದಾಜಿನವು. ಉಪಕರಣ ತಯಾರಿಸುವ ಕಂಪನಿಗಳು ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಕ್ಸಿಜನ್ ಇರುವ ಗಾಳಿ ಕೊಟ್ಟು, ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಿ, 70ರಿಂದ 100ರವರೆಗೆ ತಮ್ಮ ಸೆನ್ಸರ್‌ಗೆ ಸರಿಹೊಂದುವ ಪಟ್ಟಿಯನ್ನು ತಯಾರಿಸುತ್ತವೆ. ನಮ್ಮ ಹಾಸ್ಟೆಲ್ ಮೇಜಿನ ಮೇಲೆ ಅದು ಆಗದ ಕೆಲಸ. ಹಾಗಾಗಿ ರಿಪೋರ್ಟ್‌ನಲ್ಲಿ ‘ನಿಖರತೆ ಇಷ್ಟು’ ಅಂತ ಸುಮ್ನೆ ಬರೆಯಬೇಡಿ. ‘ಅಂದಾಜು ಸೂತ್ರ ಬಳಸಿದ್ದೇವೆ’ ಅಂತ ಬರೆಯಿರಿ.

85 ಕಂಡರೆ ಮೊದಲು ಅನುಮಾನಪಡಿ

ಅದೇ ಸೂತ್ರದಲ್ಲಿ ಆರ್ ಜಾಗಕ್ಕೆ 1 ಹಾಕಿ. ಉತ್ತರ 85. ಈಗ ಯೋಚಿಸಿ: ಬೆರಳು ಅಲುಗಾಡುತ್ತಿದೆ, ನಾಡಿಯ ಅಲೆಗಿಂತ ಅಲುಗಾಟವೇ ದೊಡ್ಡದು. ಆ ಅಲುಗಾಟ ಎರಡೂ ಬಣ್ಣಗಳಲ್ಲಿ ಒಂದೇ ಪ್ರಮಾಣದಲ್ಲಿ ಕಾಣುತ್ತದೆ. ಆಗ ಎರಡು ಅನುಪಾತಗಳೂ ಹೆಚ್ಚುಕಡಿಮೆ ಸಮ, ಆರ್ 1ರ ಹತ್ತಿರ, ಸ್ಕ್ರೀನ್ ಮೇಲೆ 85ರ ಆಸುಪಾಸು. ಮನೆಯಲ್ಲಿ ಅಜ್ಜಿಯ ಬೆರಳಿಟ್ಟಾಗ 85 ಬಂದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಅಜ್ಜಿಯ ಕೈ ಸ್ವಲ್ಪ ನಡುಗಿದ್ದರಿಂದಲೂ ಅದು ಬಂದಿರಬಹುದು. ನಿಜವಾಗಿಯೂ ಆಕ್ಸಿಜನ್ ಕಡಿಮೆಯಾಗಿರಲೂಬಹುದು. ಅಂಕಿ ಮಾತ್ರ ನೋಡಿದರೆ ಯಾವುದು ಅಂತ ಹೇಳಲಾಗದು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ನಮ್ಮ ಬೋರ್ಡ್ ಏನೇ ಹೇಳಲಿ, ಡಾಕ್ಟರ ಹತ್ತಿರ ಹೋಗಬೇಕು.

ಅದಕ್ಕೇ ನನ್ನ ಒತ್ತಾಯ: ಮೊದಲು ಅಂಕಿಯನ್ನಲ್ಲ, ಅಲೆಯನ್ನು ನೋಡಿ. ಬೋರ್ಡ್‌ಗೆ ಕೋಡ್ ಬರೆಯುವ ತಂತ್ರಾಂಶವಾದ ಆರ್ಡುಯಿನೊ ಐಡಿಇಯ ಸೀರಿಯಲ್ ಪ್ಲಾಟರ್‌ನಲ್ಲಿ (ಬರುವ ಅಂಕಿಗಳನ್ನು ಗ್ರಾಫ್ ಮಾಡುವ ಕಿಟಕಿ) ಇನ್‌ಫ್ರಾರೆಡ್‌ನ ಕಚ್ಚಾ ಅಂಕಿಗಳನ್ನು ಬಿಡಿಸಿ. ಬಡಿತ ಬಂದಾಗ ರಕ್ತ ಜಾಸ್ತಿಯಾಗಿ ಹೆಚ್ಚು ಬೆಳಕು ಹೀರುತ್ತದೆ, ವಾಪಸ್ ಬರುವುದು ಕಡಿಮೆ. ಆದ್ದರಿಂದ ಪುಸ್ತಕದ ಚಿತ್ರಕ್ಕೆ ಹೋಲಿಸಿದರೆ ಅಲೆ ತಲೆಕೆಳಗಾಗಿ ಕಾಣುತ್ತದೆ. ಗಾಬರಿ ಬೇಡ. ಪ್ರತಿ ಅಲೆಯೂ ಒಂದೇ ಆಕಾರದಲ್ಲಿ, ಒಂದೇ ಅಂತರದಲ್ಲಿ ಬರುತ್ತಿದ್ದರೆ ಮಾತ್ರ ಮುಂದಿನ ಲೆಕ್ಕಕ್ಕೆ ಅರ್ಥ. ಆಮೇಲೆ ಬೇಕಂತಲೇ ಕೆಡಿಸಿ ನೋಡಿ. ಬೆರಳನ್ನು ಗಟ್ಟಿಯಾಗಿ ಒತ್ತಿದರೆ ರಕ್ತ ಹಿಂದಕ್ಕೆ ಸರಿದು ಅಲೆ ಚಪ್ಪಟೆಯಾಗುತ್ತದೆ. ತಣ್ಣೀರಿನಲ್ಲಿ ಕೈ ಅದ್ದಿ ಬಂದರೂ ಹಾಗೆಯೇ. ಟ್ಯೂಬ್‌ಲೈಟ್ ಕೆಳಗೆ ಒಮ್ಮೆ, ಕರ್ಚೀಫ್ ಮುಚ್ಚಿ ಒಮ್ಮೆ ನೋಡಿ. ಉಗುರುಬಣ್ಣ ಹಚ್ಚಿದ ಬೆರಳನ್ನು ಅಂಗಡಿಯಲ್ಲಿ ಸಿಗುವ ಆಕ್ಸಿಮೀಟರ್ ಕ್ಲಿಪ್‌ನಲ್ಲೂ ಇಟ್ಟು ನೋಡಿ: ಕ್ಲಿಪ್‌ನಲ್ಲಿ ಬೆಳಕು ಉಗುರಿನ ಮೂಲಕವೇ ಹಾಯುತ್ತದೆ, ನಮ್ಮ ಸೆನ್ಸರ್‌ನಲ್ಲಿ ಬೆರಳಿನ ಕೆಳಭಾಗದಿಂದ ವಾಪಸ್ ಬರುತ್ತದೆ. ಬೆರಳು ನಿಲ್ಲಿಸಲು ಅಗಲವಾದ ವೆಲ್ಕ್ರೊ ಪಟ್ಟಿ ಸಾಕು.

ವೈರಿಂಗ್

ಇದು ಸುಲಭ. ಚಿಪ್‌ಗಳು ಪರಸ್ಪರ ಮಾತಾಡುವ ಐ2ಸಿ ವಿಧಾನದ ಎರಡು ತಂತಿ, ಪವರ್, ಗ್ರೌಂಡ್, ಅಷ್ಟೇ. ಆರ್ಡುಯಿನೊ ಕೋಡ್‌ನಲ್ಲಿ ಸಾಮಾನ್ಯ ಇಎಸ್‌ಪಿ32 ಬೋರ್ಡ್‌ಗೆ ಡೇಟಾ 21ನೇ ಪಿನ್, ಕ್ಲಾಕ್ 22. ಸೆನ್ಸರ್‌ನ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 57. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಅಗ್ಗದ ಮಾಡ್ಯೂಲ್ ಕೊಂಡಿದ್ದರೆ ಒಂದು ಸಂಗತಿ ತಿಳಿದಿರಲಿ. ಕೆಲವು ಮಾಡ್ಯೂಲ್‌ಗಳಲ್ಲಿ ಆ ಎರಡು ತಂತಿಗಳ ವೋಲ್ಟೇಜನ್ನು ಮೇಲೆ ಹಿಡಿದಿಡುವ ಪುಲ್‌ಅಪ್ ರೆಸಿಸ್ಟರ್‌ಗಳು 1.8 ವೋಲ್ಟ್‌ಗೆ ಸೇರಿರುತ್ತವೆ. ಇಎಸ್‌ಪಿ32ಗೆ ‘1’ ಅಂತ ಅನ್ನಿಸಬೇಕಾದರೆ ಸುಮಾರು 2.5 ವೋಲ್ಟ್ ಬೇಕು. ಹಾಗಾಗಿ ವಿಳಾಸ ಹುಡುಕಿದರೆ ಏನೂ ಸಿಗುವುದಿಲ್ಲ. ಸೆನ್ಸರ್ ಸುಟ್ಟಿದೆ ಅಂತ ಎಸೆಯುವ ಮೊದಲು ಮಲ್ಟಿಮೀಟರ್‌ನಲ್ಲಿ ಆ ಎರಡು ಪಿನ್‌ಗಳ ವೋಲ್ಟೇಜ್ ನೋಡಿ. 1.8 ಕಂಡರೆ ಆ ರೆಸಿಸ್ಟರ್ ತೆಗೆದು, 4.7 ಕಿಲೊಓಮ್‌ನವನ್ನು 3.3 ವೋಲ್ಟ್‌ಗೆ ಹಾಕಿದರೆ ಕೆಲಸ ಮಾಡುತ್ತದೆ.

ಬಡಿತದ ಲೆಕ್ಕ ಚಿಕ್ಕದು. ಅಲೆಯ ಅಕ್ಕಪಕ್ಕದ ಎರಡು ತುದಿಗಳ ನಡುವಿನ ಸಮಯ 800 ಮಿಲಿಸೆಕೆಂಡ್ ಇದ್ದರೆ 60,000 ÷ 800 = 75. ಕೊನೆಯ ಕೆಲವು ಬಡಿತಗಳ ಸರಾಸರಿ ತೆಗೆದುಕೊಳ್ಳಿ. ಹಿಂದಿನದಕ್ಕಿಂತ ಒಮ್ಮೆಲೇ ಅರ್ಧ ಅಥವಾ ದುಪ್ಪಟ್ಟು ಬಂದರೆ ಬಹುಶಃ ಒಂದು ತುದಿ ತಪ್ಪಿಹೋಗಿದೆ, ಇಲ್ಲವೇ ಒಂದು ಸುಳ್ಳು ತುದಿ ಸೇರಿಕೊಂಡಿದೆ.

ತಂತಿ ಇಲ್ಲದೆ ಕಳಿಸುವುದು

ವೈಫೈ ಬೇಕಾ, ಬ್ಲೂಟೂತ್ ಲೋ ಎನರ್ಜಿ ಬೇಕಾ? ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ, ಎರಡೂ ಇಎಸ್‌ಪಿ32ರಲ್ಲಿವೆ. ಮೈಗೆ ಕಟ್ಟಿಕೊಳ್ಳುವ ಬ್ಯಾಟರಿ ಸಾಧನಕ್ಕೆ ನಾನು ಬ್ಲೂಟೂತ್ ಅನ್ನೇ ಹೇಳುತ್ತೇನೆ. ವೈಫೈ ಪ್ರಸಾರ ಮಾಡುವ ಕ್ಷಣದಲ್ಲಿ ಚಿಪ್ ಸುಮಾರು 240 ಮಿಲಿಆಂಪ್‌ವರೆಗೂ ಎಳೆಯಬಹುದು. ಸರಾಸರಿ 100 ಮಿಲಿಆಂಪ್ ಅಂತ ಹಿಡಿದರೂ 500 ಎಂಎಎಚ್ ಬ್ಯಾಟರಿ ಲೆಕ್ಕಕ್ಕೆ 5 ಗಂಟೆ, ನಿಜದಲ್ಲಿ ಇನ್ನೂ ಕಡಿಮೆ.

ಎಷ್ಟು ಡೇಟಾ ಕಳಿಸುತ್ತೀರಿ ಅನ್ನುವುದೂ ಮುಖ್ಯ. ಸೆಕೆಂಡಿಗೆ 100 ಸ್ಯಾಂಪಲ್, 2 ಬಣ್ಣ, ಪ್ರತಿಯೊಂದಕ್ಕೆ 3 ಬೈಟ್: ಸೆಕೆಂಡಿಗೆ 600 ಬೈಟ್. ಬೋರ್ಡ್‌ನಲ್ಲೇ ಲೆಕ್ಕ ಮುಗಿಸಿ ಬಡಿತವನ್ನಷ್ಟೇ ಕಳಿಸಿದರೆ 2 ಬೈಟ್ ಸಾಕು.

ಆ 2 ಬೈಟ್ ಯಾವುವು? ಹೃದಯ ಬಡಿತಕ್ಕೆಂದೇ ಬ್ಲೂಟೂತ್‌ನಲ್ಲಿ ಗೊತ್ತುಮಾಡಿದ ಸರ್ವಿಸ್ (ಮಾಹಿತಿಯ ಗುಂಪು) ಇದೆ, ಹೆಕ್ಸ್ ಸಂಖ್ಯೆ 180ಡಿ. ಅದರೊಳಗೆ ಅಳತೆ ಇರುವ ಜಾಗ, ಅಂದರೆ ಕ್ಯಾರಕ್ಟರಿಸ್ಟಿಕ್, 2ಎ37. ಸ್ವಂತ ಸಂಖ್ಯೆ ಕಟ್ಟದೆ ಇದನ್ನೇ ಬಳಸಿದರೆ ಎನ್‌ಆರ್‌ಎಫ್ ಕನೆಕ್ಟ್‌ನಂಥ ಆ್ಯಪ್‌ಗಳಲ್ಲಿ ನಿಮ್ಮ ಬೋರ್ಡ್ ನೇರವಾಗಿ ಕಾಣುತ್ತದೆ, ಆ್ಯಪ್ ಬರೆಯುವ ಕೆಲಸ ಉಳಿಯಿತು. ಎರಡನೇ ಬೈಟ್ ಬಡಿತ. ಮೊದಲನೆಯದು ಫ್ಲ್ಯಾಗ್, ಅಂದರೆ ಅಳತೆಯ ಸ್ಥಿತಿ ಹೇಳುವ ಗುರುತು, ಇದನ್ನು ಸುಮಾರು ಜನ 0 ಇಟ್ಟು ಬಿಟ್ಟುಬಿಡುತ್ತಾರೆ. ಆದರೆ ಅದರಲ್ಲೊಂದು ಒಳ್ಳೆಯ ಸೌಲಭ್ಯ ಇದೆ. 6 ಕಳಿಸಿದರೆ ‘ಸೆನ್ಸರ್ ಚರ್ಮಕ್ಕೆ ತಾಗಿದೆ’ ಅಂತ ಅರ್ಥ. 4 ಕಳಿಸಿದರೆ ‘ತಾಗಿಲ್ಲ’ ಅಂತ. ಬೆರಳು ತೆಗೆದಾಗ ಇನ್‌ಫ್ರಾರೆಡ್‌ನ ಡಿಸಿ ಧಡಕ್ಕನೆ ಬೀಳುತ್ತದೆ. ಅದನ್ನು ಗುರುತಿಸಿ 4 ಕಳಿಸಿ. ಹಳೆಯ 72 ಅನ್ನೇ ಮತ್ತೆ ಮತ್ತೆ ಕಳಿಸುತ್ತಾ ಇದ್ದರೆ ಆ ಕಡೆ ನೋಡುವವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ.

ಬ್ಯಾಟರಿ ಚಾರ್ಜ್ ಮಾಡಲು ಎಲ್ಲರೂ ಕೊಳ್ಳುವ ಟಿಪಿ4056 ಮಾಡ್ಯೂಲ್ ಸಾಮಾನ್ಯವಾಗಿ 1 ಆಂಪ್‌ಗೆ ಹೊಂದಿಸಿ ಬರುತ್ತದೆ. 500 ಎಂಎಎಚ್ ಸೆಲ್‌ಗೆ ಅದು ಜಾಸ್ತಿಯಾಯಿತು. ಅದರ ಮೇಲಿನ 1.2 ಕಿಲೊಓಮ್ ರೆಸಿಸ್ಟರ್ ತೆಗೆದು ಸುಮಾರು 5 ಕಿಲೊಓಮ್ ಹಾಕಿದರೆ ಕರೆಂಟ್ 250 ಮಿಲಿಆಂಪ್‌ಗೆ ಇಳಿಯುತ್ತದೆ. ಮೈಮೇಲೆ ಇರುವ ವಸ್ತು, ಈ ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಮುಂದೆ ಇಸಿಜಿ ಮಾಡಬೇಕು ಅಂತ ಹೃದಯದ ವಿದ್ಯುತ್ ಸಿಗ್ನಲ್ ಹಿಡಿಯುವ ಎಡಿ8232 ಮಾಡ್ಯೂಲ್ ಕೊಳ್ಳುವವರಿಗೂ ಇಲ್ಲೇ ಹೇಳುತ್ತೇನೆ. ಅದರ ಎಲೆಕ್ಟ್ರೋಡ್‌ಗಳು ಎದೆಗೆ ನೇರವಾಗಿ ಅಂಟುತ್ತವೆ. ಆಗ ಬೋರ್ಡ್ ಬ್ಯಾಟರಿಯಿಂದಲೇ ಓಡಬೇಕು, ಡೇಟಾ ಬ್ಲೂಟೂತ್‌ನಲ್ಲೇ ಹೋಗಬೇಕು. ಚಾರ್ಜರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಎಲೆಕ್ಟ್ರೋಡ್ ಅಂಟಿಸಿಕೊಳ್ಳಬೇಡಿ, ಚಾರ್ಜರ್ ಕೆಟ್ಟರೆ ಗೋಡೆಯ ಕರೆಂಟ್ ಆ ದಾರಿಯಲ್ಲಿ ಮೈಗೆ ಹರಿಯಬಹುದು. ಇಲ್ಲಿ ವೈರ್‌ಲೆಸ್ ಅನ್ನುವುದು ಅನುಕೂಲಕ್ಕಷ್ಟೇ ಅಲ್ಲ, ಜೀವದ ಸುರಕ್ಷತೆಗೆ.

ಹೋಲಿಸಿ ನೋಡುವುದು

ಅಂಗಡಿಯಲ್ಲಿ ಸಿಗುವ ಆಕ್ಸಿಮೀಟರ್ ಒಂದನ್ನು ಎರವಲು ತನ್ನಿ. ಒಂದು ಕೈಗೆ ಅದು, ಇನ್ನೊಂದು ಕೈಗೆ ನಿಮ್ಮದು. ಕೂತಾಗ, ಮೆಟ್ಟಿಲು ಹತ್ತಿ ಬಂದ ಮೇಲೆ, ಕೈ ತಣ್ಣಗಿದ್ದಾಗ ಎರಡನ್ನೂ ಬರೆದುಕೊಳ್ಳಿ. ಬಡಿತ ಸಾಮಾನ್ಯವಾಗಿ ಹತ್ತಿರ ಹತ್ತಿರ ಬರುತ್ತದೆ. ಆಕ್ಸಿಜನ್‌ನಲ್ಲಿ ಹೋಲಿಕೆ ಕಷ್ಟ, ಯಾಕೆಂದರೆ ಆರೋಗ್ಯವಂತ ಗೆಳೆಯರೆಲ್ಲ ಹೆಚ್ಚುಕಡಿಮೆ 95ರಿಂದ 100ರೊಳಗೇ ಇರುತ್ತಾರೆ. ಯಾವಾಗಲೂ 97 ಅಂತ ತೋರಿಸುವ ಕೆಟ್ಟ ಯಂತ್ರವೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಉಸಿರು ಹಿಡಿದು ಅಂಕಿ ಇಳಿಸುವ ಪ್ರಯೋಗಕ್ಕೆ ಮಾತ್ರ ಯಾರನ್ನೂ ದೂಡಬೇಡಿ.

ಚರ್ಮದ ಬಣ್ಣವನ್ನೂ ಬರೆದುಕೊಳ್ಳಿ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ಜನಾಂಗದ ರೋಗಿಗಳಲ್ಲಿ ಆಕ್ಸಿಜನ್ ಕೊರತೆಯನ್ನು ಗುರುತಿಸದೆ ಬಿಟ್ಟದ್ದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಅಂತ ಕಂಡುಬಂತು. ನಮ್ಮಲ್ಲಿ ಒಂದೇ ಕ್ಲಾಸಿನಲ್ಲಿ ಎಷ್ಟೊಂದು ಮೈಬಣ್ಣದವರಿದ್ದೇವೆ. ಯಾರ ಬೆರಳಿನಲ್ಲಿ ಅಲೆ ಎಷ್ಟು ಎತ್ತರ ಬಂತು, ಎಲ್‌ಇಡಿ ಕರೆಂಟ್ ಎಷ್ಟು ಏರಿಸಬೇಕಾಯಿತು ಅಂತ ದಾಖಲಿಸಿದರೆ ಅದೇ ಪ್ರಾಜೆಕ್ಟ್‌ನ ಒಳ್ಳೆಯ ಅಧ್ಯಾಯವಾಗುತ್ತದೆ. ಹೆಸರು ಬರೆಯಬೇಡಿ, ಸಂಖ್ಯೆ ಕೊಡಿ. ಆರೋಗ್ಯದ ಮಾಹಿತಿ ಅವರದ್ದು, ನಮ್ಮದಲ್ಲ. ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ಎಂಕ್ಯೂಟಿಟಿ ಬ್ರೋಕರ್‌ಗೆ (ಸಾಧನಗಳ ಸಂದೇಶ ಹಂಚುವ ಇಂಟರ್‌ನೆಟ್ ಸರ್ವರ್) ಅದನ್ನು ಕಳಿಸಲೇಬೇಡಿ.

ಮಾರುವ ಯೋಚನೆ ಇರುವವರಿಗೆ: ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ, 2017ರ ವೈದ್ಯಕೀಯ ಸಾಧನಗಳ ನಿಯಮ ಅವಕ್ಕೆ ಅನ್ವಯಿಸುತ್ತದೆ. ಡಬ್ಬಿಯ ಮೇಲೆ ‘ಕಲಿಕೆಗಾಗಿ ಮಾತ್ರ, ಚಿಕಿತ್ಸೆಗೆ ಬಳಸಬಾರದು’ ಅಂತ ದೊಡ್ಡದಾಗಿ ಅಂಟಿಸಿ. ಎಕ್ಸಿಬಿಷನ್ ದಿನ ಬೆರಳಿಟ್ಟು ನೋಡಲು ಬರುವವರಿಗೆ ಅಂಕಿಯ ಪಕ್ಕದಲ್ಲಿ ಅಲೆಯನ್ನೂ ತೋರಿಸಿ.